ಆರು ಮಿಲಿಮೀಟರಿನ ಎರಡು ಪಟ್ಟಿ

ಸ್ಟೀರಿಂಗ್ ತಿರುಗಿಸಿದರೆ ಮೊದಲ ಅಂಗೈ ಅಗಲದಷ್ಟು ಏನೂ ಆಗುತ್ತಿರಲಿಲ್ಲ. ಆಮೇಲೆ ಕಾರಿಗೆ ನೆನಪಾಗುತ್ತಿತ್ತು, ಓಹೋ ತಿರುಗಬೇಕಲ್ಲ ಅಂತ. 60ರ ದಶಕದ ಕಾರು. ಹೆಸರು ಹೇಳುವುದಿಲ್ಲ, ಅದಕ್ಕೂ ಒಂದು ಮರ್ಯಾದೆ ಇದೆ ಅಲ್ವಾ. ನೇರ ರಸ್ತೆಯಲ್ಲೂ ಚಕ್ರವನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಆಡಿಸುತ್ತಲೇ ಇರಬೇಕು, ಹಳೆ ಸಿನಿಮಾದ ನಾಯಕ ಸ್ಟುಡಿಯೋದಲ್ಲಿ ನಿಂತ ಕಾರನ್ನು ಓಡಿಸುವ ಹಾಗೆ.

ಕೆಳಗೆ ಮಲಗಿ ನೋಡಿದರೆ ಕಾರಣ ಕಾಣುತ್ತದೆ. ಸ್ಟೀರಿಂಗ್ ಬಾಕ್ಸಿನೊಳಗೆ ವರ್ಮ್ ಗೇರು. ಅದರಿಂದ ಹೊರಗೆ ಅತ್ತಿತ್ತ ಆಡುವ ಪಿಟ್‌ಮನ್ ಆರ್ಮ್, ಅಲ್ಲಿಂದ ಅಡ್ಡಕ್ಕೆ ರಿಲೇ ರಾಡು, ಅದರ ಆಚೆ ತುದಿ ಹಿಡಿದುಕೊಳ್ಳಲು ಐಡ್ಲರ್ ಆರ್ಮ್. ಎರಡೂ ಕಡೆ ಚಕ್ರಕ್ಕೆ ಹೋಗುವ ಟೈ ರಾಡು, ಅವಕ್ಕೆ ತಲಾ ಎರಡು ಜಾಯಿಂಟು. ಒಂದೊಂದು ಕೂದಲೆಳೆಯಷ್ಟು ಸವೆದಿದ್ದರೂ ಸಾಕು, ಎಲ್ಲ ಸೇರಿ ಕೈಗೆ ಬರುವಷ್ಟರಲ್ಲಿ ಅಂಗೈ ಅಗಲ. ರ‍್ಯಾಕ್ ಅಂಡ್ ಪಿನಿಯನ್‌ನಲ್ಲಿ ಇಷ್ಟು ದೊಡ್ಡ ಸಂಸಾರವೇ ಇಲ್ಲ. ಸ್ಟೀರಿಂಗ್ ಶಾಫ್ಟಿನ ತುದಿಯ ಪುಟ್ಟ ಗೇರು (ಪಿನಿಯನ್) ಹಲ್ಲುಗಳಿರುವ ಒಂದು ಸರಳನ್ನು (ರ‍್ಯಾಕ್) ಎಡಕ್ಕೋ ಬಲಕ್ಕೋ ತಳ್ಳುತ್ತದೆ, ಆ ಸರಳಿನ ತುದಿಗೇ ಟೈ ರಾಡು. ಮುಗೀತು. ಹೊಸ ವಿದ್ಯೆಯೇನೂ ಅಲ್ಲ, 1948ರಲ್ಲಿ ಬಂದ ಮೋರಿಸ್ ಮೈನರ್‌ನಲ್ಲೇ ಇತ್ತು.

ಇದನ್ನು ನನ್ನ ಕಾರಿಗೆ ಕೂರಿಸುವ ರೆಡಿಮೇಡ್ ಕಿಟ್ ಸಿಗುತ್ತಿತ್ತು. ಬೆಲೆ ನೋಡಿ ಸುಮ್ನೆ ಪಕ್ಕಕ್ಕಿಟ್ಟೆ. ಗುಜರಿಗೆ ಹೋಗಿ, ಒಂದು ಸಣ್ಣ ಫ್ರಂಟ್ ವೀಲ್ ಡ್ರೈವ್ ಕಾರಿನ ರ‍್ಯಾಕ್ ಬಿಚ್ಚಿಕೊಂಡು ಬಂದೆ. ಪವರ್ ಸ್ಟೀರಿಂಗಿನದ್ದಲ್ಲ, ಹಾಗಾಗಿ ಪಂಪು, ಪೈಪು ಯಾವ ತಲೆನೋವೂ ಇಲ್ಲ. ಕ್ಲ್ಯಾಂಪು ಹಾಕಿ ತಾತ್ಕಾಲಿಕವಾಗಿ ಕೂರಿಸಿದೆ. ಒಳಗೆ ಕೂತು ಹೆಮ್ಮೆಯಿಂದ ಬಲಕ್ಕೆ ತಿರುಗಿಸಿದೆ. ಚಕ್ರಗಳು ಎಡಕ್ಕೆ ಹೋದವು.

ಎರಡು ನಿಮಿಷ ಸುಮ್ಮನೆ ಕೂತೆ. ಆಮೇಲೆ ತಲೆಗೆ ಹೋಯಿತು. ಆ ಸಣ್ಣ ಕಾರಿನಲ್ಲಿ, ಚಕ್ರದ ಕಡೆಯಿಂದ ಚಾಚಿಕೊಂಡು ಟೈ ರಾಡಿಗೆ ಸೇರುವ ಸ್ಟೀರಿಂಗ್ ಆರ್ಮುಗಳು ಆಕ್ಸಲ್ಲಿನ ಮುಂದೆ ಇರುತ್ತವೆ, ನನ್ನ ಕಾರಿನಲ್ಲಿ ಹಿಂದೆ. ಮುಂದಿನ ಆರ್ಮನ್ನು ಬಲಕ್ಕೆ ತಳ್ಳಿದರೆ ಚಕ್ರ ಬಲಕ್ಕೆ ನೋಡುತ್ತದೆ, ಹಿಂದಿನದನ್ನು ಬಲಕ್ಕೆ ತಳ್ಳಿದರೆ ಎಡಕ್ಕೆ. ಕಾಗದದ ಮೇಲೆ ಒಂದು ಗೆರೆ ಎಳೆದಿದ್ದರೂ ಗೊತ್ತಾಗುತ್ತಿತ್ತು. ಮರುದಿನ ಮತ್ತೆ ಗುಜರಿ. ಈ ಸಲ ಆರ್ಮು ಹಿಂದಿರುವ ಕಾರನ್ನೇ ಹುಡುಕಿದೆ, ಜೇಬಿನಲ್ಲಿ ಟೇಪು ಇಟ್ಟುಕೊಂಡು. ರ‍್ಯಾಕಿನ ಒಳ ಜಾಯಿಂಟುಗಳ ನಡುವಿನ ಅಂತರ ನನ್ನ ಹಳೇ ರಿಲೇ ರಾಡಿನ ಜಾಯಿಂಟುಗಳಿಗಿಂತ 4 ಮಿಲಿಮೀಟರ್ ಮಾತ್ರ ಬೇರೆ ಇತ್ತು. ಕಾರು ತಯಾರಿಸಿದವರು ಲೆಕ್ಕ ಹಾಕಿ ಇಟ್ಟಿದ್ದ ಜಾಗ ಅದು. ಅದಕ್ಕೇ ಹಳೇದನ್ನು ಬಿಚ್ಚುವ ಮೊದಲು ಅದರ ಅಗಲ, ಎತ್ತರ ಎರಡನ್ನೂ ಕ್ರಾಸ್ ಮೆಂಬರ್ (ಕಾರಿನ ಅಡಿಯ ಅಡ್ಡ ತೊಲೆ) ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿಟ್ಟಿದ್ದೆ. ಇಡೀ ಕೆಲಸದಲ್ಲಿ ನಾನು ತೋರಿಸಿದ ಜಾಣತನ ಅದೊಂದೇ. ಅದನ್ನೂ ಪೂರ್ತಿ ಪಾಲಿಸಲಿಲ್ಲ, ಅದೇ ಈಗ ಹೇಳಹೊರಟ ಕತೆ.

ರ‍್ಯಾಕ್ ಹಿಡಿಯುವ ಬ್ರಾಕೆಟಿನ ವೆಲ್ಡಿಂಗ್ ನಾನು ಮಾಡಲಿಲ್ಲ. ಸ್ಟೀರಿಂಗ್ ಹೊರುವ ವೆಲ್ಡು ಕಲಿಯುವವನ ಕೈಗೆ ಕೊಡುವಂಥದ್ದಲ್ಲ. ಅದೇ ಕಸುಬಿನ ಗೆಳೆಯನಿಂದ ಮಾಡಿಸಿದೆ. ಟೈ ರಾಡು, ಸ್ಟೀರಿಂಗ್ ಆರ್ಮುಗಳನ್ನಂತೂ ಅವನೂ ಕಾಯಿಸಲಿಲ್ಲ, ಬೆಸೆಯಲಿಲ್ಲ. ಶಾಫ್ಟಿಗೆ ಎರಡು ಯೂನಿವರ್ಸಲ್ ಜಾಯಿಂಟು ಬಂದವು, ಶಾಫ್ಟು ಕೋನದಲ್ಲಿ ಬಾಗಿದರೂ ತಿರುಗಲು ಬಿಡುವ ಕೀಲುಗಳು. ಎರಡರ ಕವೆಗಳು ಒಂದಕ್ಕೊಂದು ಸರಿಸಾಲಿನಲ್ಲಿ ಇರಬೇಕು, ಇಲ್ಲದಿದ್ದರೆ ಒಂದೇ ಸುತ್ತಿನಲ್ಲಿ ಸ್ಟೀರಿಂಗ್ ಒಮ್ಮೆ ಭಾರ ಒಮ್ಮೆ ಹಗುರ ಅನಿಸುತ್ತದೆ. ಇದನ್ನೂ ಒಂದು ಸಲ ತಪ್ಪಿಯೇ ಕಲಿತೆ. ರ‍್ಯಾಕ್ ಕೂರಿಸುವಾಗ ನೆಲಕ್ಕೆ ಜಾಸ್ತಿ ಹತ್ತಿರ ಇದೆಯಲ್ಲ ಅನಿಸಿತು. ಬ್ರಾಕೆಟಿನ ಮೇಲೆ, ರ‍್ಯಾಕಿನ ಕೆಳಗೆ, ಎರಡೂ ಕಡೆ 6 ಮಿಲಿಮೀಟರಿನ ಕಬ್ಬಿಣದ ಪಟ್ಟಿ ಎರಡೆರಡು ಇಟ್ಟು ಬಿಗಿದೆ. 12 ಮಿಲಿಮೀಟರ್ ತಾನೇ, ಏನು ಮಹಾ.

ಖಾಲಿ ಮೈದಾನದಲ್ಲಿ ಮೊದಲ ಓಟ. ಅಂಗೈ ಅಗಲದ ಸಡಿಲ ಮಾಯ. ಬೆರಳು ಅಲುಗಿಸಿದರೆ ಮೂತಿ ಅಲುಗುತ್ತಿತ್ತು. ಖುಷಿಯಲ್ಲಿ ಸ್ವಲ್ಪ ವೇಗ ಹೆಚ್ಚಿಸಿದೆ. ಎಡಚಕ್ರ ಒಂದು ದಿಬ್ಬ ಹತ್ತಿತು, ಕಾರು ತಾನಾಗಿ ಬಲಕ್ಕೆ ಚಿಮ್ಮಿತು. ನನ್ನ ಕೈ ನೇರವಾಗಿಯೇ ಇತ್ತು. ಹೊಟ್ಟೆಯಲ್ಲಿ ಏನೋ ತಣ್ಣಗಾಯಿತು. ನಡೆಯುವ ವೇಗದಲ್ಲಿ ಮನೆಗೆ ಬಂದೆ.

ಬಂಪ್ ಸ್ಟೀರ್ ಅಂತಾರೆ ಇದಕ್ಕೆ. ಚಕ್ರ ಮೇಲೆ ಕೆಳಗೆ ಹೋಗುವಾಗ ಸಸ್ಪೆನ್ಷನ್ ಆರ್ಮುಗಳು ಒಂದು ಕಮಾನು ಬರೆಯುತ್ತವೆ, ಟೈ ರಾಡು ಇನ್ನೊಂದು. ಎರಡೂ ಹೊಂದದಿದ್ದರೆ ಟೈ ರಾಡು ಯಾರನ್ನೂ ಕೇಳದೆ ಚಕ್ರ ತಿರುಗಿಸುತ್ತದೆ. ಅಳೆಯುವ ಗೇಜು ಕೊಳ್ಳುವ ದುಡ್ಡು ಇರಲಿಲ್ಲ. ಭಾನುವಾರ ಬೆಳಿಗ್ಗೆ, ಸ್ಪ್ರಿಂಗನ್ನು ಅದುಮಿ ಹಿಡಿಯುವ ಕಂಪ್ರೆಸರ್ ಹಾಕಿ ಎಡಗಡೆಯದನ್ನು ತೆಗೆದೆ. ಸ್ಟೀರಿಂಗನ್ನು ನೇರಕ್ಕೆ ಕಟ್ಟಿಹಾಕಿದೆ. ಚಕ್ರ ಕೂರುವ ಹಬ್ಬಿಗೆ ಅರ್ಧ ಮೀಟರ್ ಉದ್ದದ ನೇರ ಹಲಗೆಯೊಂದನ್ನು ಬೋಲ್ಟ್ ಮಾಡಿದೆ. ಅದರ ಮುಂದಿನ ತುದಿಗೊಂದು, ಹಿಂದಿನ ತುದಿಗೊಂದು ತೂಗುಗುಂಡಿನ ದಾರ ಪಕ್ಕದಲ್ಲಿ, ಹಲಗೆಗೆ ತಾಗದ ಹಾಗೆ, ಇಳಿಬಿಟ್ಟೆ. ಸಸ್ಪೆನ್ಷನ್ನಿನ ಕೆಳಗಿನ ಆರ್ಮ್‌ಗೆ ಜ್ಯಾಕ್ ಕೊಟ್ಟು 10 ಮಿಲಿಮೀಟರಿಗೊಮ್ಮೆ ಎತ್ತುವುದು, ಎರಡೂ ತುದಿಯಿಂದ ದಾರಕ್ಕೆ ಎಷ್ಟು ದೂರ ಅಂತ ಬರೆದುಕೊಳ್ಳುವುದು. ಎರಡೂ ದೂರ ಒಟ್ಟಿಗೇ ಬದಲಾದರೆ ಚಿಂತೆಯಿಲ್ಲ, ಚಕ್ರ ಪಕ್ಕಕ್ಕೆ ಸರಿದಿದೆ ಅಷ್ಟೇ. ಎರಡರ ನಡುವೆ ವ್ಯತ್ಯಾಸ ಬೆಳೆದರೆ ಚಕ್ರ ತಿರುಗಿದೆ ಎಂದರ್ಥ.

60 ಮಿಲಿಮೀಟರ್ ಎತ್ತುವಷ್ಟರಲ್ಲಿ ವ್ಯತ್ಯಾಸ 9 ಮಿಲಿಮೀಟರ್! ಚಕ್ರದ ಮೂತಿ ಒಳಕ್ಕೆ. ಕೆಳಗೆ ಇಳಿಸಿದರೆ ಹೊರಕ್ಕೆ. ಈ ಎದುರುಬದುರು ನೋಡಿದ ಮೇಲೆ ಸಮಾಧಾನವಾಯಿತು. ಮೇಲೆ ಹೋದರೂ ಕೆಳಗೆ ಹೋದರೂ ಒಂದೇ ಕಡೆ ತಿರುಗಿದ್ದರೆ ಟೈ ರಾಡಿನ ಉದ್ದವೇ ತಪ್ಪು, ಇನ್ನೊಂದು ರ‍್ಯಾಕ್ ಹುಡುಕಬೇಕಾಗುತ್ತಿತ್ತು. ಎದುರುಬದುರು ಅಂದರೆ ಎತ್ತರ ತಪ್ಪು. ಆರ್ಮು ಹಿಂದಿರುವ ಕಾರಿನಲ್ಲಿ ಮೇಲೆ ಹೋದಾಗ ಮೂತಿ ಒಳಕ್ಕೆ ಬಂದರೆ ರ‍್ಯಾಕ್ ಮೇಲೆ ಕೂತಿದೆ. ಟಾರ್ಚು ಹಿಡಿದು ಸೀಮೆಸುಣ್ಣದ ಗೆರೆ ನೋಡಿದೆ. ನನ್ನ ರ‍್ಯಾಕಿನ ಜಾಯಿಂಟು ಅದಕ್ಕಿಂತ ಸರಿಯಾಗಿ ಎರಡು ಪಟ್ಟಿಯಷ್ಟು ಮೇಲಿತ್ತು. ಮಲಗಿದಲ್ಲೇ ಸಂಪಿನ ಕಡೆ, ಅಂದರೆ ಎಂಜಿನ್ ಅಡಿಯ ಎಣ್ಣೆ ತೊಟ್ಟಿಯ ಕಡೆ, ಟಾರ್ಚು ತಿರುಗಿಸಿದೆ. ಅದು ರ‍್ಯಾಕಿಗಿಂತ ಮೂರು ಬೆರಳು ಕೆಳಗೇ ಇತ್ತು. ನೆಲಕ್ಕೆ ತಗಲುವುದಾದರೆ ಮೊದಲು ತಗಲುವುದು ಅದೇ. ನಾನು ಯಾರನ್ನು ಕಾಪಾಡಲು ಹೊರಟಿದ್ದೆನೋ!

ಪಟ್ಟಿ ತೆಗೆದು, ಶಾಫ್ಟಿನ ಜಾಯಿಂಟು ಸ್ವಲ್ಪ ಸರಿಸಿ, ಮತ್ತೆ ಅಳೆದೆ. ಅದೇ 60 ಮಿಲಿಮೀಟರಿಗೆ ವ್ಯತ್ಯಾಸ 1 ಮಿಲಿಮೀಟರ್. ಬಲಗಡೆಗೂ ಅಷ್ಟೇ ಬಂತು. ಹಲಗೆ, ದಾರ, ಜ್ಯಾಕು ಬಿಚ್ಚುವಷ್ಟರಲ್ಲಿ ಕತ್ತಲಾಗಿತ್ತು. ಟೋ (ಚಕ್ರಗಳ ಮೂತಿ ಎಷ್ಟು ಒಳಕ್ಕೆ, ಎಷ್ಟು ಹೊರಕ್ಕೆ ಅನ್ನುವುದು) ಸರಿಪಡಿಸಿ, ತಪಾಸಣೆ ಮಾಡಿಸಿಯೇ ರಸ್ತೆಗಿಳಿಸಿದ್ದು ಆಮೇಲಿನ ಮಾತು. ಅದಕ್ಕೂ ಮೊದಲು ಮೈದಾನದ ಅದೇ ದಿಬ್ಬಕ್ಕೆ ಹೋಗಿ ಮೂರು ಸಲ ಹತ್ತಿಸಿದೆ. ಕಾರು ಎದ್ದು ಇಳಿಯಿತು, ನೇರಕ್ಕೆ ಹೋಯಿತು.

ಪಾರ್ಕ್ ಮಾಡುವಾಗ ಮಾತ್ರ ಸ್ಟೀರಿಂಗ್ ಹಿಂದಿಗಿಂತ ಭಾರ, ತೋಳು ನೋಯುತ್ತದೆ. ಇನ್ನೊಂದು ವಿಷಯ, ಹಳೇ ಐಡ್ಲರ್ ಆರ್ಮನ್ನು ಆಮೇಲೆ ವೈಸಿಗೆ ಹಾಕಿ ಅಲುಗಿಸಿ ನೋಡಿದೆ. ಕೀಲಿನೊಳಗಿನ ಬುಷ್ ಪೂರ್ತಿ ತಿಂದುಹೋಗಿತ್ತು. ಅರ್ಧ ಸಡಿಲ ಅದರದ್ದೇ ಇದ್ದಿರಬೇಕು. ಹೊಸ ಬುಷ್ ಹಾಕಿದ್ದರೆ ಒಂದು ಮಧ್ಯಾಹ್ನದ ಕೆಲಸ. ಇದನ್ನು ವೆಲ್ಡಿಂಗ್ ಗೆಳೆಯನಿಗೆ ಇನ್ನೂ ಹೇಳಿಲ್ಲ.