ನನಗೇನೂ ಬರುವುದಿಲ್ಲ, ಮನೆಯವರಿಗೆ ಕೈಯಾರೆ ಏನು ಮಾಡಿಕೊಡಲಿ?

ಚೌತಿ ಹತ್ತಿರವಾದಾಗ ಒಮ್ಮೆ, ಕ್ರಿಸ್‌ಮಸ್ ಬಂತೆಂದಾಗ ಇನ್ನೊಮ್ಮೆ ಈ ಪ್ರಶ್ನೆ ನನ್ನನ್ನು ಹುಡುಕಿಕೊಂಡು ಬರುತ್ತದೆ. ಕಚೇರಿಯ ಗೆಳತಿಯರು ಕೇಳುತ್ತಾರೆ, ಮಂಗಳೂರಿನಲ್ಲಿ ಓದುತ್ತಿರುವ ಅಕ್ಕನ ಮಗಳು ಕೇಳುತ್ತಾಳೆ. ಉಡುಪಿಗೆ ಬರುವ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತಿದ್ದ ತಾಯಿಯೊಬ್ಬರು ನನ್ನ ಕೈಯಲ್ಲಿದ್ದ ಸೂಜಿದಾರ ನೋಡಿ ಕೇಳಿದ್ದೂ ಇದನ್ನೇ: "ಹೊಲಿಗೆ ಗೊತ್ತಿಲ್ಲ, ಚಿತ್ರ ಬಿಡಿಸಲು ಬರುವುದಿಲ್ಲ. ಯಾವುದರಿಂದ ಶುರು ಮಾಡಲಿ?"

ಸಾಮಾನು ತರಲು ಅಂಗಡಿಗೆ ಹೋಗುವ ಮೊದಲು, ಯಾರಿಗೆ ಕೊಡಬೇಕೆಂದಿದ್ದೀರೋ ಅವರ ಕೈಯನ್ನು ಒಂದು ದಿನ ನೋಡಿ. ಅದು ದಿನಕ್ಕೆ ಹತ್ತು ಸಲ ಎಲ್ಲಿಗೆ ಹೋಗುತ್ತದೋ ಅಲ್ಲಿ ನೀವು ಮಾಡಬೇಕಾದ ವಸ್ತು ಇರುತ್ತದೆ. ಅದನ್ನು ಎರಡು ಮಾಡಿ. ಮೊದಲನೆಯದನ್ನು ನೀವೇ ವಾರವಿಡೀ ಬಳಸಿ, ಎರಡನೆಯದನ್ನು ಕೊಡಿ.

ನನ್ನ ದೊಡ್ಡಮ್ಮನ ಕೈ ಹೋಗುತ್ತಿದ್ದುದು ಸೊಂಟಕ್ಕೆ. ಎಲೆ, ಅಡಿಕೆ, ಸುಣ್ಣದ ಡಬ್ಬಿ ಎಲ್ಲವನ್ನೂ ಒಂದು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುತ್ತಿ ಸೆರಗಿನ ಮರೆಯಲ್ಲಿ ಸಿಕ್ಕಿಸಿಕೊಳ್ಳುತ್ತಿದ್ದರು. ಮದುವೆ ಮನೆಯಲ್ಲಿ ಅದನ್ನು ಬಿಚ್ಚುವಾಗಿನ ಪರಪರ ಸದ್ದಿಗೆ ಅವರಿಗೇ ಸಂಕೋಚ. ಅವರಿಗೊಂದು ಎಲೆಯಡಿಕೆ ಸಂಚಿ ಹೊಲಿಯಬೇಕೆಂದುಕೊಂಡೆ. ಆಗ ನನಗೆ ಗೊತ್ತಿದ್ದ ಹೊಲಿಗೆ ಎರಡೇ: ಸೂಜಿ ಒಳಗೊಮ್ಮೆ ಹೊರಗೊಮ್ಮೆ ಹೋಗುವ ರನ್ನಿಂಗ್ ಸ್ಟಿಚ್, ಪ್ರತಿ ಸಲ ಒಂದು ಹೆಜ್ಜೆ ಹಿಂದೆ ಬಂದು ಎರಡು ಹೆಜ್ಜೆ ಮುಂದೆ ಹೋಗುವ ಬ್ಯಾಕ್ ಸ್ಟಿಚ್. ಈ ಸಂಚಿಗೆ ಅಷ್ಟೇ ಸಾಕು.

ಹಳೆಯ ಹತ್ತಿ ಬಟ್ಟೆಯಲ್ಲಿ 9 ಇಂಚು ಅಗಲ, 18 ಇಂಚು ಉದ್ದದ ಒಂದು ತುಂಡು ಕತ್ತರಿಸಿಕೊಳ್ಳಿ. ಮೈ ಒರೆಸುವ ಬೈರಾಸು ಆಗುವುದಿಲ್ಲ, ಅದರ ನೇಯ್ಗೆ ತೀರಾ ಸಡಿಲ. ಬಣ್ಣ ಗಾಢವಾಗಿರಲಿ, ಒದ್ದೆ ಎಲೆಯ ಕಲೆ ಕಾಣಿಸುವುದಿಲ್ಲ. ನಾಲ್ಕೂ ಅಂಚುಗಳನ್ನು ಅರ್ಧ ಇಂಚು ಒಳಗೆ ಮಡಚಿ ರನ್ನಿಂಗ್ ಸ್ಟಿಚ್ ಹಾಕಿ. ಕೆಳಗಿನಿಂದ ಆರೂವರೆ ಇಂಚು ಮೇಲಕ್ಕೆ ಮಡಚಿ, ಎರಡೂ ಬದಿಗಳನ್ನು ಬ್ಯಾಕ್ ಸ್ಟಿಚ್‌ನಿಂದ ಕೂಡಿಸಿ. ಲಕೋಟೆಯಂತೆ ಮೇಲೆ ನಾಲ್ಕು ಇಂಚಿನ ಮುಚ್ಚಳ ಉಳಿಯುತ್ತದೆ. ಈಗ ಜೇಬಿನ ನಡುವೆ ಮೇಲಿನಿಂದ ಕೆಳಗೆ ಒಂದು ಸಾಲು ಹೊಲಿದರೆ ಎರಡು ಭಾಗವಾಗುತ್ತದೆ: ಎಲೆಗೆ ಐದು ಇಂಚು, ಅಡಿಕೆಗೂ ಸುಣ್ಣದ ಡಬ್ಬಿಗೂ ಮೂರು ಇಂಚು. ಮುಚ್ಚಳಕ್ಕೊಂದು ಕುಣಿಕೆ, ಜೇಬಿಗೊಂದು ಗುಂಡಿ ಹಾಕಿ. ದಾರ ಒಂದು ಮೊಳಕ್ಕಿಂತ ಉದ್ದ ಬೇಡ, ಸಿಕ್ಕಾಗುತ್ತದೆ.

ಮೊದಲ ಸಂಚಿಯಲ್ಲಿ ನಾನು ಚಿಲ್ಲರೆ, ಬಸ್ ಟಿಕೆಟು ಹಾಕಿಕೊಂಡು ಓಡಾಡಿದೆ. ಐದನೆಯ ದಿನ ನಡುವಿನ ಹೊಲಿಗೆ ಜೇಬಿನ ಬಾಯಿಯ ಹತ್ತಿರ ಬಿಟ್ಟುಕೊಂಡಿತು. ಬೆರಳು ಹಾಕಿ ಎಳೆಯುವುದು ಅಲ್ಲಿಯೇ ತಾನೇ! ಎರಡನೆಯ ಸಂಚಿಗೆ ಆ ಜಾಗದಲ್ಲಿ ಒಂದರ ಮೇಲೊಂದು ಮೂರು ಹೊಲಿಗೆ ಹಾಕಿದೆ. ಒಂದನ್ನೇ ಹೊಲಿದು ಕೊಟ್ಟಿದ್ದರೆ ದೊಡ್ಡಮ್ಮನ ಅಡಿಕೆ ದಾರಿಯಲ್ಲಿ ಬೀಳುತ್ತಿತ್ತು.

ಸೂಜಿಯೇ ಬೇಡ ಎನ್ನುವವರಿಗೆ ನಮ್ಮ ತೋಟಗಳಲ್ಲಿ ಅಡಿಕೆ ಹಾಳೆ ಇದೆ, ಅಡಿಕೆ ಮರದ ಸೋಗೆಯ ಬುಡದ ಅಗಲವಾದ ಪೊರೆ. ಹಾಳೆಯ ಟೋಪಿ ಮುಟ್ಟಾಳೆ ಕಟ್ಟಲು ಪಳಗಿದ ಕೈ ಬೇಕು, ಬೀಸಣಿಗೆಗೆ ಬೇಡ. ಹಾಳೆಯನ್ನು ಕೆಲವು ಗಂಟೆ ನೀರಿನಲ್ಲಿ ನೆನೆಸಿದರೆ ಚರ್ಮದಂತೆ ಬಾಗುತ್ತದೆ. ಆಗಲೇ ಕತ್ತರಿಯಿಂದ ಹಿಡಿಯ ಸಮೇತ ಆಕಾರ ಕತ್ತರಿಸಿಕೊಳ್ಳಬೇಕು. ಒಣಗಿದ ಮೇಲೆ ಕತ್ತರಿಸಹೊರಟರೆ ಸೀಳುತ್ತದೆ. ಬಟ್ಟೆಯ ನಡುವೆ ಇಟ್ಟು ಮೇಲೆ ಒಂದು ಹಲಗೆ, ಹಲಗೆಯ ಮೇಲೆ ಭಾರದ ಕಲ್ಲು. ಬಟ್ಟೆಯನ್ನು ದಿನವೂ ಬದಲಿಸಿ, ಪೂರ್ತಿ ಒಣಗುವ ತನಕ ಬಿಡಿ. ಅವಸರಪಟ್ಟು ಹಾಗೆಯೇ ಬಿಸಿಲಿಗೆ ಇಟ್ಟರೆ ದೋಣಿಯಂತೆ ಸುರುಟಿಕೊಳ್ಳುತ್ತದೆ. ಮೇ ತಿಂಗಳ ಮಧ್ಯಾಹ್ನ ಕರೆಂಟು ಹೋದಾಗ ನನ್ನ ಅಪ್ಪ ಜಗಲಿಯಲ್ಲಿ ಮಗಳು ಕೊಟ್ಟ ಬೀಸಣಿಗೆಯಿಂದ ಗಾಳಿ ಹಾಕಿಕೊಳ್ಳುವುದನ್ನು ನೋಡಿದಾಗ ನನಗಾಗುವ ಸಂತೋಷ ಅಷ್ಟಿಷ್ಟಲ್ಲ.

ನಮ್ಮೂರಿನವರಿಗೆ ಮಳೆಗಾಲದ ವಿಷಯ ಹೇಳಲೇಬೇಕು. ಜೂನ್‌ನಿಂದ ಸೆಪ್ಟೆಂಬರ್ ತನಕ ಇಲ್ಲಿನ ಗಾಳಿಯೇ ಒದ್ದೆ. ಅಂಟು ಬೇಗ ಒಣಗುವುದಿಲ್ಲ, ಕಾಗದದ ಹೂವು ಬಾಡಿದಂತೆ ಜೋಲುತ್ತದೆ, ಸರಿಯಾಗಿ ಒಣಗದ ಹಾಳೆಗೆ ಬೂಷ್ಟು ಹಿಡಿಯುತ್ತದೆ. ಮೊಬೈಲಿನಲ್ಲಿ ಕಾಣುವ ವಿಡಿಯೋಗಳಲ್ಲಿ "ಒಂದು ರಾತ್ರಿ ಒಣಗಿಸಿ" ಎನ್ನುತ್ತಾರೆ. ಉಡುಪಿಯ ಜುಲೈಗೆ ಆ ಲೆಕ್ಕ ಹೊಂದುವುದಿಲ್ಲ. ಹಾಳೆ, ಮಣ್ಣು, ಕಾಗದದ ಕೆಲಸವನ್ನು ಬೇಸಗೆಯಲ್ಲೇ ಮುಗಿಸಿ. ಅಷ್ಟಮಿ, ಚೌತಿ, ಕರಾವಳಿಯ ಕ್ಯಾಥೊಲಿಕರು ಮೇರಿಮಾತೆಯ ಹುಟ್ಟುಹಬ್ಬವಾಗಿ ಆಚರಿಸುವ ಸೆಪ್ಟೆಂಬರ್ 8ರ ಮೊಂತಿ ಹಬ್ಬ, ಇವುಗಳ ಉಡುಗೊರೆಗೆ ಬಟ್ಟೆಯೇ ಸರಿ.

ಬಟ್ಟೆಯದ್ದೂ ಒಂದು ಎಚ್ಚರಿಕೆ ಇದೆ. ಅಮ್ಮನಿಗೆಂದು ಬಿಳಿ ಕರವಸ್ತ್ರದ ಮೂಲೆಯಲ್ಲಿ ಕೆಂಪು ದಾಸವಾಳ ಕಸೂತಿ ಮಾಡಿ ಕೊಟ್ಟಿದ್ದೆ. ಮೊದಲ ಒಗೆತಕ್ಕೇ ಹೂವಿನ ಸುತ್ತ ಗುಲಾಬಿ ಮಸುಕು. ಅಮ್ಮ ಏನೂ ಅನ್ನಲಿಲ್ಲ, ನನಗೇ ಕಣ್ಣು ತುಂಬಿತ್ತು. ಅಂದಿನಿಂದ ಗಾಢ ಬಣ್ಣದ ದಾರವನ್ನು ಮೊದಲು ಒದ್ದೆ ಬಿಳಿ ಬಟ್ಟೆಯ ನಡುವೆ ಒತ್ತಿ ನೋಡುತ್ತೇನೆ, ಹೊಸ ಹತ್ತಿ ಬಟ್ಟೆಯನ್ನು ಒಮ್ಮೆ ಒಗೆದೇ ಕತ್ತರಿಸುತ್ತೇನೆ. ಕಸೂತಿ ದಾರದ ಲಡಿಯಲ್ಲಿ ಆರು ಎಳೆ ಒಟ್ಟಿಗಿರುತ್ತವೆ. ಎರಡೇ ಎಳೆ ಬಿಡಿಸಿಕೊಂಡರೆ ಹೊಸಬರ ಗೆರೆಯೂ ನವಿರಾಗಿ ಬರುತ್ತದೆ. ಆರನ್ನೂ ಹಾಕಿದರೆ ಪ್ರತಿ ತಪ್ಪೂ ಎದ್ದು ಕಾಣುತ್ತದೆ.

ಕ್ರೋಶಾದ ಹೊದಿಕೆ, ಅಚ್ಚಿಗೆ ಸುರಿದರೆ ಗಟ್ಟಿಯಾಗುವ ರೆಸಿನ್ ದ್ರವದ ತಟ್ಟೆ ಇವುಗಳಿಂದ ಶುರು ಮಾಡಬೇಡಿ. ಹೊದಿಕೆಗೆ ತಿಂಗಳುಗಟ್ಟಲೆ ಬೇಕು, ಅರ್ಧಕ್ಕೇ ನಿಲ್ಲುತ್ತದೆ. ರೆಸಿನ್‌ಗೆ ಕೈಗವಸು ಬೇಕು, ಗಾಳಿಯಾಡುವ ಜಾಗ ಬೇಕು, ದುಡ್ಡೂ ಬೇಕು.

ದೊಡ್ಡಮ್ಮನಿಗೆ ಸಂಚಿ ಕೊಟ್ಟು ಎರಡು ತಿಂಗಳ ಬಳಿಕ ಅವರ ಮನೆಗೆ ಹೋದೆ. ಗುಂಡಿಯ ಜಾಗ ಬದಲಾಗಿತ್ತು. ನಾನು ನಡುವಿನಲ್ಲಿ ಹಾಕಿದ್ದನ್ನು ಬಿಚ್ಚಿ, ಬಲತುದಿಗೆ ತಾವೇ ಹೊಲಿದುಕೊಂಡಿದ್ದರು. ಅದಕ್ಕೆ ಸರಿಯಾಗಿ ಮುಚ್ಚಳದಲ್ಲಿ ಹೊಸ ಕುಣಿಕೆಯನ್ನೂ ಹಾಕಿದ್ದರು.

"ಚಂದ ಉಂಟು ಮಗಳೇ. ಆದರೆ ಒಂದು ಕೈಯಲ್ಲಿ ಎಲೆ ಹಿಡಿದಿರುತ್ತೇನಲ್ಲ, ಹೆಬ್ಬೆರಳಿಗೆ ಸಿಗಬೇಕು" ಎಂದರು. ಈ ವರ್ಷ ಸೋದರತ್ತೆಗೆ ಹೊಲಿಯುತ್ತಿರುವ ಸಂಚಿಗೆ ಗುಂಡಿಯನ್ನು ಬಲತುದಿಗೇ ಹಾಕಿದ್ದೇನೆ.