ಕೂಲಂಟ್ ಡಬ್ಬಿಯಲ್ಲಿ ಎಣ್ಣೆ ಕಂಡರೆ ಹೆಡ್ ಬಿಚ್ಚಿಸಬೇಕೇ?

ಕಲಬುರಗಿಯಲ್ಲಿ ಹಳೆಯ ಟರ್ಬೊ ಪೆಟ್ರೋಲ್ ಕಾರು ಇಟ್ಟುಕೊಂಡವರು ಬೆರಳೆಣಿಕೆಯಷ್ಟು ಜನ. ಆದರೂ ಮಾರ್ಚ್ ಕಳೆದು ಬಿಸಿಲು ಏರತೊಡಗಿದರೆ ಅವರಲ್ಲಿ ಯಾರಾದರೊಬ್ಬರು ಫೋನ್ ಮಾಡಿ ಕೇಳುವುದು ಇದೊಂದೇ ಪ್ರಶ್ನೆಯನ್ನು: “ಸರ, ಕೂಲಂಟ್ ಡಬ್ಬಿದಾಗ ಎಣ್ಣಿ ಬಂದದ. ಹೆಡ್ ಗ್ಯಾಸ್ಕೆಟ್ ಹೋಗ್ಯಾದ ಅಂತ ಮಿಸ್ತ್ರಿ ಹೇಳ್ಲಿಕತ್ಯಾನ. ಹೆಡ್ ಬಿಚ್ಚಸ್ಲೇನ್ರಿ?”

ಬೇಡ, ಮೊದಲು ಆಯಿಲ್ ಕೂಲರ್ ನೋಡಿಸಿ ಎನ್ನುವುದೇ ನನ್ನ ಉತ್ತರ. ಕೂಲಂಟ್ ಎಂದರೆ ಇಂಜಿನ್ನನ್ನು ತಣಿಸಲು ನೀರು ಬೆರೆಸಿ ತುಂಬುವ ದ್ರವ, ಹೆಡ್ ಎಂದರೆ ಸಿಲಿಂಡರುಗಳ ಮೇಲೆ ಕೂರುವ ಇಂಜಿನ್ನಿನ ಮೇಲ್ಭಾಗ, ಅವುಗಳ ನಡುವೆ ಸೋರಿಕೆ ತಡೆಯುವ ಹಾಳೆಯೇ ಹೆಡ್ ಗ್ಯಾಸ್ಕೆಟ್. ಫೋನಿನಲ್ಲಿ ಇದರ ಕಾರಣವನ್ನು ಪೂರ್ತಿಯಾಗಿ ಹೇಳಲು ಆಗುವುದಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ನನ್ನಲ್ಲಿರುವುದು ಸ್ಕೋಡಾ ಆಕ್ಟೇವಿಯಾ ಆರ್‌ಎಸ್. 2004ರಲ್ಲಿ ನಮ್ಮ ದೇಶದ ಮಾರುಕಟ್ಟೆಗೆ ಬಂದ, 1781 ಸಿಸಿಯ, ಒಂದೊಂದು ಸಿಲಿಂಡರಿಗೆ ಐದೈದು ವಾಲ್ವ್‌ಗಳಿರುವ, 150 ಅಶ್ವಶಕ್ತಿಯ ಕಾರು ಅದು. ಹೈದರಾಬಾದಿನಲ್ಲಿ ಎರಡನೆಯ ಕೈಯಿಂದ ಕೊಂಡು ತಂದ ಮೂರನೆಯ ಬೇಸಿಗೆಯಲ್ಲಿ ಅದರ ಕೂಲಂಟ್ ಡಬ್ಬಿಯೊಳಗೆ ಹಾಲು ಹಾಕಿದ ಚಹಾದ ಬಣ್ಣದ, ಅಂಬಲಿಯಷ್ಟು ಗಟ್ಟಿಯಾದ ಕೆಸರು ಕಾಣಿಸಿತು. ತೋರಿಸಿದ ಗ್ಯಾರೇಜಿನವರು ಅದೇ ದಿನ ಹೆಡ್ ಬಿಚ್ಚಿದರು. ಗ್ಯಾಸ್ಕೆಟ್ ಎಲ್ಲಿಯೂ ಸುಟ್ಟಿರಲಿಲ್ಲ, ಹೆಡ್ಡಿನ ಮೈ ಸಪಾಟಾಗಿಯೇ ಇತ್ತು. ಹೊಸ ಗ್ಯಾಸ್ಕೆಟ್, ಹೊಸ ಬೋಲ್ಟು, ಹೊಸ ಟೈಮಿಂಗ್ ಬೆಲ್ಟ್ ಹಾಕಿ ಗಾಡಿ ಕೊಟ್ಟ ಹತ್ತನೆಯ ದಿನಕ್ಕೆ ಡಬ್ಬಿಯಲ್ಲಿ ಮತ್ತೆ ಅದೇ ಕೆಸರು ತುಂಬಿತ್ತು. ಕೆಟ್ಟಿದ್ದದ್ದು ಅಂಗೈಯಷ್ಟಗಲದ ಒಂದು ಅಲ್ಯೂಮಿನಿಯಂ ಡಬ್ಬಿ, ಅಂದರೆ ಆಯಿಲ್ ಕೂಲರ್ ಮಾತ್ರ.

ಬಹಳಷ್ಟು ಜನ ಆಯಿಲ್ ಕೂಲರ್ ಎಂದಾಗ ಮುಂಭಾಗದಲ್ಲಿ ಗಾಳಿಗೆ ಮುಖವೊಡ್ಡಿ ನಿಂತ ಚಿಕ್ಕ ರೇಡಿಯೇಟರನ್ನು ಕಲ್ಪಿಸಿಕೊಳ್ಳುತ್ತಾರೆ. ಬೈಕುಗಳಲ್ಲಿ ಮತ್ತು ಕೆಲವು ಕಾರುಗಳಲ್ಲಿ ಅದು ಹಾಗೆಯೇ ಇರುತ್ತದೆ, ಅಲ್ಲಿ ಸೋರಿದ ಎಣ್ಣೆ ನೆಲಕ್ಕೆ ಬೀಳುವುದರಿಂದ ರೋಗ ಮುಚ್ಚಿಟ್ಟುಕೊಳ್ಳುವುದಿಲ್ಲ. ಆದರೆ ನನ್ನ ಕಾರಿನಂಥ ಇಂಜಿನ್‌ಗಳಲ್ಲಿ ಕೂಲರ್ ಇರುವುದು ಆಯಿಲ್ ಫಿಲ್ಟರಿನ ನೆತ್ತಿಯ ಮೇಲೆ. ತೆಳುವಾದ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿ ಬೆಸೆದಿರುತ್ತಾರೆ. ಒಂದು ಸಂದಿನಲ್ಲಿ ಆಯಿಲ್, ಅದರ ಪಕ್ಕದ ಸಂದಿನಲ್ಲಿ ಕೂಲಂಟ್ ಹರಿಯುತ್ತದೆ. ಗಾಡಿ ತಣ್ಣಗಿರುವಾಗ ಬೇಗ ಬಿಸಿಯಾಗುವ ಕೂಲಂಟು ಆಯಿಲನ್ನು ಬೆಚ್ಚಗೆ ಮಾಡುತ್ತದೆ, ಟರ್ಬೊದಿಂದ ಕಾದು ಬಂದ ಆಯಿಲಿನ ಬಿಸಿಯನ್ನು ಆಮೇಲೆ ತಾನೇ ಹೀರಿಕೊಂಡು ರೇಡಿಯೇಟರಿಗೆ ಒಯ್ಯುತ್ತದೆ. ಈ ಎರಡು ದ್ರವಗಳ ನಡುವೆ ಇರುವ ಗೋಡೆ ಕಾಗದದಷ್ಟೇ ತೆಳು, ಅದು ತೂತು ಬಿದ್ದರೆ ಹೊರಗೆ ಒಂದು ಹನಿಯೂ ಕಾಣುವುದಿಲ್ಲ.

ತೂತು ಬಿದ್ದಾಗ ಎಣ್ಣೆಯೇ ನೀರಿನ ಕಡೆಗೆ ಹೋಗುವುದೇಕೆ ಎಂಬುದು ಒತ್ತಡದ ಲೆಕ್ಕ. ಬಿಸಿಯಾದ ಇಂಜಿನ್ ನಿಮಿಷಕ್ಕೆ 2000 ಸುತ್ತಿನಲ್ಲಿ ಓಡುವಾಗ ಆಯಿಲಿನ ಒತ್ತಡ 2 ಬಾರ್‌ಗಿಂತ ಮೇಲಿರುತ್ತದೆ, ಕೂಲಂಟಿನ ಒತ್ತಡವಾದರೋ ಡಬ್ಬಿಯ ಮುಚ್ಚಳದಲ್ಲಿರುವ ವಾಲ್ವ್ ತೆರೆದುಕೊಳ್ಳುವುದರಿಂದ ಸುಮಾರು ಒಂದೂವರೆ ಬಾರ್ ದಾಟುವುದಿಲ್ಲ. ಹಾಗಾಗಿ ಓಡುವಷ್ಟು ಹೊತ್ತು ಎಣ್ಣೆ ನೀರಿಗೆ ನುಗ್ಗುತ್ತದೆ. ಗಾಡಿ ನಿಲ್ಲಿಸಿದ ಕೂಡಲೇ ಆಯಿಲಿನ ಒತ್ತಡ ಸೊನ್ನೆಗೆ ಇಳಿಯುತ್ತದೆ, ಕೂಲಂಟಿನ ಒತ್ತಡ ಮಾತ್ರ ತಣಿಯುವವರೆಗೂ ಉಳಿದಿರುತ್ತದೆ. ತೂತು ದೊಡ್ಡದಾಗಿದ್ದರೆ ಆ ಹೊತ್ತಿನಲ್ಲಿ ನೀರು ಎಣ್ಣೆಗೆ ಇಳಿದು ಬೇರಿಂಗುಗಳನ್ನು ತಿನ್ನುತ್ತದೆ. ಡಬ್ಬಿಯಲ್ಲಿ ಕೆಸರು ಕಂಡ ಗಾಡಿಯನ್ನು “ಇನ್ನೊಂದು ವಾರ ಓಡಿಸಿ ನೋಡೋಣ” ಎನ್ನುವುದನ್ನು ನಾನು ಒಪ್ಪದಿರುವುದು ಇದೇ ಕಾರಣಕ್ಕೆ.

ಹೆಡ್ ಗ್ಯಾಸ್ಕೆಟ್ ಹೋದಾಗ ಕಾಣುವ ಲಕ್ಷಣಗಳು ಬಹುಮಟ್ಟಿಗೆ ಬೇರೆ. ಸಿಲಿಂಡರಿನೊಳಗಿನ ಉರಿಯ ಗಾಳಿ ಕೂಲಂಟಿಗೆ ಸೇರುವುದರಿಂದ ಗಾಡಿ ಚಾಲೂ ಮಾಡಿದ ಸ್ವಲ್ಪ ಹೊತ್ತಿಗೇ ಡಬ್ಬಿಯಲ್ಲಿ ಗುಳ್ಳೆಗಳೇಳುತ್ತವೆ, ಇಂಜಿನ್ ಇನ್ನೂ ತಣ್ಣಗಿರುವಾಗಲೇ ರಬ್ಬರ್ ಪೈಪುಗಳು ಗಟ್ಟಿಯಾಗುತ್ತವೆ, ಸೈಲೆನ್ಸರಿನಿಂದ ಬಿಳಿ ಹೊಗೆ ಬರುತ್ತದೆ, ಅಕ್ಕಪಕ್ಕದ ಸಿಲಿಂಡರುಗಳ ಕಂಪ್ರೆಷನ್, ಅಂದರೆ ಒಳಗೆ ಅದುಮಿದ ಗಾಳಿಯ ಒತ್ತಡ, ಬಿದ್ದಿರುತ್ತದೆ. ಡಬ್ಬಿಯ ಬಾಯಿಗೆ ಹಿಡಿಯುವ ಒಂದು ನೀಲಿ ದ್ರವದ ನಳಿಗೆ ಸಿಗುತ್ತದೆ, ಉರಿಯ ಗಾಳಿ ತಾಗಿದರೆ ಆ ದ್ರವ ಹಳದಿಗೆ ತಿರುಗುತ್ತದೆ. ಇವುಗಳಲ್ಲಿ ಯಾವುದೂ ಇಲ್ಲದೆ ಬರಿಯ ಎಣ್ಣೆ ಮಾತ್ರ ತೇಲುತ್ತಿದ್ದರೆ ಮೊದಲ ಅನುಮಾನ ಕೂಲರಿನ ಮೇಲಿರಬೇಕು. ನೀರಿನಿಂದ ತಣಿಯುವ ಟರ್ಬೊದ ನಡುಭಾಗ ಸೀಳಿದರೂ ಹೀಗಾಗಬಹುದು, ಆದರೆ ಅದು ಅಪರೂಪ. ಆಟೋಮ್ಯಾಟಿಕ್ ಗೇರಿನ ಗಾಡಿಯಾಗಿದ್ದರೆ ಗೇರ್ ಆಯಿಲಿಗೂ ಇಂಥದೇ ಕೂಲರ್ ಇರುವ ಸಾಧ್ಯತೆ ಇರುವುದರಿಂದ ಬಂದಿರುವುದು ಯಾವ ಎಣ್ಣೆ ಎಂದು ಮೊದಲು ತಿಳಿದುಕೊಳ್ಳಬೇಕು.

ಬಿಚ್ಚಿದ ಕೂಲರನ್ನು ಪರೀಕ್ಷಿಸುವುದಕ್ಕೆ ಪಂಚರ್ ಅಂಗಡಿಯ ಗಾಳಿಯೇ ಸಾಕು. ಕೂಲಂಟಿನ ಒಂದು ಮೂತಿಯನ್ನು ಬಿರಡೆಯಿಂದ ಬಂದ್ ಮಾಡಿ, ಇನ್ನೊಂದಕ್ಕೆ ಪೈಪು ಕಟ್ಟಿ, ಸುಮಾರು 2 ಬಾರ್ ಗಾಳಿ ಕೊಟ್ಟು ಬಕೆಟ್ಟಿನಲ್ಲಿ ಮುಳುಗಿಸಬೇಕು. ತಣ್ಣೀರಿನಲ್ಲಿ ನನ್ನ ಕೂಲರ್ ಒಂದು ಗುಳ್ಳೆಯನ್ನೂ ಬಿಡಲಿಲ್ಲ. ಕಾದ ನೀರಿನಲ್ಲಿ ಮುಳುಗಿಸಿದ ಮೇಲೆ ಎಣ್ಣೆಯ ರಂಧ್ರದಿಂದ ಸಣ್ಣ ಸಾಲಾಗಿ ಗುಳ್ಳೆಗಳು ಬಂದವು. ಲೋಹ ಹಿಗ್ಗಿದಾಗ ಮಾತ್ರ ಬಾಯಿ ಬಿಡುವ ಸೀಳು ಅದು. ಆದ್ದರಿಂದ ಬಿಸಿನೀರಿನ ಪರೀಕ್ಷೆ ಮಾಡದೆ ಕೂಲರ್ ಸರಿಯಿದೆ ಎಂದು ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ.

ಇನ್ನು ಈ ತೊಂದರೆ ನಮ್ಮ ಕಡೆ ಯಾಕೆ ಬರುತ್ತದೆ ಎಂಬುದು. ನನ್ನ ಹಳೆಯ ಕೂಲರನ್ನು ಕೊಯ್ದು ನೋಡಿದಾಗ ನೀರಿನ ಸಂದುಗಳ ತುಂಬ ಬಿಳಿಯ ಸುಣ್ಣ ಹೆಪ್ಪುಗಟ್ಟಿತ್ತು, ಅದರ ಅಡಿಯಲ್ಲಿ ಅಲ್ಯೂಮಿನಿಯಂ ಹುಳು ತಿಂದ ಜೋಳದ ಕಾಳಿನಂತೆ ಕೊರೆದುಹೋಗಿತ್ತು. ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಕಡೆಯ ನೆಲವೆಲ್ಲ ಸುಣ್ಣದ ಕಲ್ಲು. ಮನೆಗೆ ಹಾಸುವ ಶಹಾಬಾದಿ ಪರ್ಸಿ ಬರುವುದೂ, ಸಿಮೆಂಟ್ ಕಾರ್ಖಾನೆಗಳು ಸಾಲಾಗಿ ನಿಂತಿರುವುದೂ ಅದೇ ಕಲ್ಲಿನ ಆಧಾರದ ಮೇಲೆ. ಅದರೊಳಗಿಂದ ಬರುವ ಬೋರಿನ ನೀರು ಎಷ್ಟು ಗಡಸು ಎಂಬುದನ್ನು ಸೋಪು ನೊರೆಗಟ್ಟದ ಬಚ್ಚಲಿನಲ್ಲಿ, ಬಿಳಿ ಪೊರೆ ಕಟ್ಟಿದ ನೀರು ಕಾಯಿಸುವ ಪಾತ್ರೆಯಲ್ಲಿ ನಾವು ದಿನವೂ ಕಾಣುತ್ತೇವೆ. ಬೇಸಿಗೆಯಲ್ಲಿ ಡಬ್ಬಿ ಸ್ವಲ್ಪ ಇಳಿದಿದೆ ಎಂದು ಅದೇ ನೀರನ್ನು ಒಂದು ತಂಬಿಗೆ ಸುರಿದರೆ, ಬಚ್ಚಲಿನಲ್ಲಿ ಆದದ್ದೇ ಮಿಲಿಮೀಟರ್ ಲೆಕ್ಕದ ಸಂದುಗಳಲ್ಲಿಯೂ ಆಗುತ್ತದೆ. ಸುಣ್ಣದ ಪದರು ಬಿಸಿ ದಾಟುವುದನ್ನು ತಡೆಯುತ್ತದೆ, ನೀರಿನಲ್ಲಿರುವ ಕ್ಲೋರೈಡ್ ಅಲ್ಯೂಮಿನಿಯಮ್ಮನ್ನು ಚುಕ್ಕೆಚುಕ್ಕೆಯಾಗಿ ಕೊರೆಯುತ್ತದೆ, ತುಕ್ಕು ತಡೆಯಲೆಂದು ಕೂಲಂಟಿನಲ್ಲಿ ಬೆರೆಸಿರುವ ರಾಸಾಯನಿಕಗಳು ತೆಳುವಾಗುತ್ತಾ ಹೋಗುತ್ತವೆ. ತಪ್ಪು ಕಾರು ಮಾಡಿದವರದಲ್ಲ, ನೀರು ಸುರಿದ ನಮ್ಮದು.

ಹೊಸ ಕೂಲರ್ ಕೂರಿಸುವ ಕೆಲಸ ಎರಡು ಪಾನಾ ಹಿಡಿಯಲು ಬರುವ ಯಾರಿಗಾದರೂ ಅರ್ಧ ದಿನದ್ದು. ಗುಜರಿಯಿಂದ ಹಳೆಯದನ್ನು ತರಬೇಡಿ, ಅದು ಯಾವ ಊರಿನ ನೀರು ಕುಡಿದಿದೆ ಎಂದು ಹೇಳುವವರಿಲ್ಲ. ಕೂಲರಿನ ಜೊತೆಗೆ ಅದರ ಓ-ರಿಂಗ್ (ಸೋರದಂತೆ ತಡೆಯುವ ರಬ್ಬರ್ ಬಳೆ), ಹೊಸ ಫಿಲ್ಟರ್, ಫೋಕ್ಸ್‌ವ್ಯಾಗನ್ 502 00 ಎಂದು ನಮೂದಿಸಿರುವ 5ಡಬ್ಲ್ಯೂ-40 ಆಯಿಲ್, ಜಿ12 ಜಾತಿಯ ಕೂಲಂಟ್, ಕೂಲರಿಗೆ ಬರುವ ಎರಡು ರಬ್ಬರ್ ಪೈಪು ಇಷ್ಟನ್ನೂ ತರಿಸಿಟ್ಟುಕೊಂಡ ಮೇಲೆಯೇ ಗಾಡಿಗೆ ಕೈ ಹಚ್ಚಿ. ಇಂಜಿನ್ ಪೂರ್ತಿ ತಣಿದಿರಬೇಕು. ಕೆಳಗಿನ ಪ್ಲಾಸ್ಟಿಕ್ ತಟ್ಟೆ ತೆಗೆದು, ಕೂಲಂಟನ್ನೂ ಆಯಿಲನ್ನೂ ಬೇರೆ ಬೇರೆ ಬುಟ್ಟಿಗೆ ಇಳಿಸಿ, ಫಿಲ್ಟರ್ ಬಿಚ್ಚಿದರೆ ಕೂಲರನ್ನು ಹಿಡಿದಿರುವ ದೊಡ್ಡ ನಟ್ಟು ಕಾಣುತ್ತದೆ. ಕೂಲಂಟ್ ಸಿಹಿಯಾಗಿರುವ ವಿಷ, ಬುಟ್ಟಿಯನ್ನು ನಾಯಿ ಬಾಯಿ ಹಾಕುವಲ್ಲಿ ಇಡಬಾರದು. ಹಳೆಯ ಪೈಪುಗಳು ಮೂತಿಗೆ ಕಚ್ಚಿಕೊಂಡಿದ್ದರೆ ಸ್ಕ್ರೂಡ್ರೈವರ್ ಹಾಕಿ ಮೀಟದೆ ಚಾಕುವಿನಿಂದ ಉದ್ದಕ್ಕೆ ಸೀಳಿ ತೆಗೆಯಿರಿ. ಫಿಲ್ಟರ್ ಕೂರುವ ಬ್ರಾಕೆಟ್ಟಿನ ಮುಖವನ್ನು ಪ್ಲಾಸ್ಟಿಕ್ ಚೂರಿನಿಂದಲೂ ಬಟ್ಟೆಯಿಂದಲೂ ಒರೆಸಬೇಕು. ಪಾಲಿಷ್ ಕಾಗದ ತಿಕ್ಕಿದರೆ ಗೀರು ಬಿದ್ದು ಅಲ್ಲಿಂದಲೇ ಸೋರುತ್ತದೆ.

ಓ-ರಿಂಗಿಗೆ ಹೊಸ ಆಯಿಲ್ ಸವರಿ ಅದರ ಕಾಲುವೆಯಲ್ಲಿ ಕೂರಿಸಿ, ಕೂಲರನ್ನು ಅದರ ಗುರುತಿನ ಸ್ಥಾನಕ್ಕೇ ಒತ್ತಿ ಹಿಡಿದು ನಟ್ಟು ಬಿಗಿಯಬೇಕು. ಬಿಗಿಯುವಾಗ ಕೂಲರ್ ತಾನೂ ಸುತ್ತಿಬಿಟ್ಟರೆ ಓ-ರಿಂಗ್ ಮಡಚಿಕೊಳ್ಳುತ್ತದೆ. ಕೈಪಿಡಿ ಹೇಳಿದಷ್ಟೇ ಬಿಗಿ ಇರಲಿ, ನಮ್ಮ ಮಿಸ್ತ್ರಿಗಳು ಪ್ರೀತಿಯಿಂದ ಕೊಡುವ ಆ ಕೊನೆಯ ಅರ್ಧ ಸುತ್ತು ಬೇಡ. ಕಟ್ಟಿದ ಮೇಲೆ ತಕ್ಷಣ ಗಾಡಿ ಚಾಲೂ ಮಾಡಬಾರದು. ಹೊಸ ಕೂಲರ್, ಹೊಸ ಫಿಲ್ಟರ್ ಎರಡೂ ಖಾಲಿಯಿರುವುದರಿಂದ ಟರ್ಬೊದ ಬೇರಿಂಗಿಗೆ ಎಣ್ಣೆ ಮುಟ್ಟಲು ಕೆಲವು ಸೆಕೆಂಡು ಬೇಕು. ಪೆಟ್ರೋಲ್ ಪಂಪಿನ ಫ್ಯೂಸ್ ತೆಗೆದು, ಆಯಿಲ್ ದೀಪ ಆರುವವರೆಗೆ ಬಿಟ್ಟು ಬಿಟ್ಟು ಸೆಲ್ಫ್ ಹೊಡೆದ ಮೇಲೆ ಫ್ಯೂಸ್ ಹಾಕಿ ಚಾಲೂ ಮಾಡಿ.

ಹೆಚ್ಚಿನವರು ಇಲ್ಲಿಗೆ ಕೆಲಸ ಮುಗಿಯಿತೆಂದುಕೊಳ್ಳುತ್ತಾರೆ. ನನ್ನ ಅನುಭವದಲ್ಲಿ ದೊಡ್ಡ ಕೆಲಸ ಶುರುವಾಗುವುದೇ ಇಲ್ಲಿಂದ. ರೇಡಿಯೇಟರ್, ಪೈಪು, ಇಂಜಿನ್ನಿನ ನೀರಿನ ಹಾದಿಗಳಲ್ಲೆಲ್ಲ ಎಣ್ಣೆ ಅಂಟಿಕೊಂಡಿರುತ್ತದೆ. ಕೂಲಂಟಿನ ಪೈಪುಗಳ ರಬ್ಬರು ನೀರಿಗೆ ಜಗ್ಗುವುದಿಲ್ಲ, ಆದರೆ ಎಣ್ಣೆ ತಾಗಿದರೆ ಉಬ್ಬಿ ಮೆತ್ತಗಾಗುತ್ತದೆ, ಹಿಂಡಿದರೆ ಹಣ್ಣಾದ ಬಾಳೆಯಂತೆ ಒಳಗೆ ಹೋಗುತ್ತದೆ. ಅಂಥ ಪೈಪನ್ನು ಉಳಿಸಿಕೊಂಡರೆ ಅದು ಮೇ ತಿಂಗಳ ಮಧ್ಯಾಹ್ನ ಜೇವರ್ಗಿಯ ದಾರಿಯಲ್ಲಿ ಒಡೆಯುತ್ತದೆ. ತೊಳೆಯುವುದಕ್ಕೆ ಪಾತ್ರೆ ತಿಕ್ಕುವ ದ್ರವ ಬೇಡ, ಅದು ನೊರೆಗಟ್ಟಿ ಡಬ್ಬಿಯಿಂದ ಉಕ್ಕುತ್ತದೆ. ಪಾತ್ರೆ ತೊಳೆಯುವ ಯಂತ್ರಕ್ಕೆ ಹಾಕುವ, ನೊರೆ ಬರದ ಪುಡಿಯನ್ನು ಬಿಸಿನೀರಿನಲ್ಲಿ ಕರಗಿಸಿ ತುಂಬಿಸಿ, ಥರ್ಮೋಸ್ಟಾಟ್ ತೆರೆಯುವವರೆಗೆ, ಅಂದರೆ 87 ಡಿಗ್ರಿಯ ಆಸುಪಾಸಿನ ಆಚೆಗೆ ಇಂಜಿನ್ ಕಾಯುವವರೆಗೆ ಓಡಿಸಿ, ತಣಿಸಿ, ಇಳಿಸಬೇಕು. ಥರ್ಮೋಸ್ಟಾಟ್ ಮುಚ್ಚಿದ್ದರೆ ತೊಳೆದ ನೀರು ರೇಡಿಯೇಟರನ್ನು ಮುಟ್ಟುವುದೇ ಇಲ್ಲ. ಈ ಹೊತ್ತಿನಲ್ಲಿ ಕ್ಯಾಬಿನ್ನಿನ ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ ಇಡಿ. ಕಲಬುರಗಿಯಲ್ಲಿ ಹೀಟರ್ ಹಾಕುವವರು ಯಾರೂ ಇಲ್ಲದ್ದರಿಂದ ಅದರ ನೆನಪೇ ಆಗುವುದಿಲ್ಲ. ಹೀಟರಿನ ಹಾದಿಗೆ ವಾಲ್ವ್ ಇರುವ ಗಾಡಿಗಳಲ್ಲಿ ಅದು ಮುಚ್ಚಿಯೇ ಉಳಿದು, ಒಳಗೆ ನಿಂತ ಎಣ್ಣೆ ತಿಂಗಳುಗಟ್ಟಲೆ ಹೊಸ ಕೂಲಂಟಿಗೆ ಇಳಿಯುತ್ತಿರುತ್ತದೆ. ನನಗೆ ಸೋಪಿನ ನೀರು ಮೂರು ಸಲ, ಬರಿಯ ನೀರು ನಾಲ್ಕು ಸಲ ಬೇಕಾಯಿತು, ಎರಡು ಭಾನುವಾರ ಹೋದವು. ಡಬ್ಬಿಯನ್ನು ಮಾತ್ರ ತೊಳೆಯುವ ಬದಲು ಹೊಸದನ್ನೇ ಹಾಕಿದೆ, ಒಳಗಿನ ಕೋಣೆಗಳಿಗೆ ಬ್ರಷ್ ಹೋಗುವುದಿಲ್ಲ.

ಕೊನೆಯ ಸಲ ತೊಳೆಯುವುದಕ್ಕೂ, ಕೂಲಂಟಿನೊಂದಿಗೆ ಸಮಪಾಲು ಬೆರೆಸುವುದಕ್ಕೂ ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ನೀರನ್ನೇ ಬಳಸಿ. ಹಸಿರು ಕೂಲಂಟನ್ನೂ ಗುಲಾಬಿ ಬಣ್ಣದ ಜಿ12ನ್ನೂ ಬೆರೆಸಬೇಡಿ, ಎರಡೂ ಸೇರಿ ಲೋಳೆಯಾಗುವ ಸಾಧ್ಯತೆ ಇದೆ. ಮೊದಲ ವಾರ ಪ್ರತಿದಿನ ಬೆಳಿಗ್ಗೆ, ಇಂಜಿನ್ ತಣ್ಣಗಿರುವಾಗ ಡಬ್ಬಿಯ ಮುಚ್ಚಳ ತೆಗೆದು ನೋಡಿ. ಅಂಚಿನಲ್ಲಿ ತೆಳುವಾದ ಎಣ್ಣೆಯ ಬಳೆ ಕಂಡರೆ ಅದು ಹಳೆಯ ಉಳಿಕೆ, ಬಟ್ಟೆಯಿಂದ ಒರೆಸಿ ತೆಗೆಯಿರಿ, ದಿನದಿಂದ ದಿನಕ್ಕೆ ಕಡಿಮೆಯಾಗಬೇಕು. ಹೆಚ್ಚುತ್ತಾ ಹೋದರೆ ಓ-ರಿಂಗನ್ನು ಮತ್ತೊಮ್ಮೆ ನೋಡಬೇಕಾಗುತ್ತದೆ. ಆಯಿಲನ್ನೂ ಫಿಲ್ಟರನ್ನೂ 500 ಕಿಲೋಮೀಟರಿಗೆ ಮತ್ತೆ ಬದಲಿಸಿ. ಡಿಕ್ಕಿಯಲ್ಲಿ ಐದು ಲೀಟರಿನ ಡಿಸ್ಟಿಲ್ಡ್ ನೀರಿನ ಕ್ಯಾನ್ ಸದಾ ಇರಲಿ, ದಾರಿಯಲ್ಲಿ ಡಬ್ಬಿ ಇಳಿದಾಗ ಪಕ್ಕದ ಹೊಲದ ಬೋರಿನ ಕಡೆಗೆ ಕೈ ಹೋಗಬಾರದು.