ಹಾಕಿದ ತಕ್ಷಣ ಹಿತವೆನಿಸುವ ಲೆನ್ಸನ್ನು ಅಷ್ಟು ಬೇಗ ನಂಬಬೇಡಿ

“ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಳ್ಳೋಣ ಅಂತಿದ್ದೇನೆ, ಯಾವುದು ಒಳ್ಳೆಯದು?” ಹೀಗೆ ಕೇಳುವವರು ಕಾಯುವುದು ಒಂದು ಕಂಪನಿಯ ಹೆಸರಿಗಾಗಿ. ನನ್ನ ಉತ್ತರ ಮಾತ್ರ ಯಾವಾಗಲೂ ಮರುಪ್ರಶ್ನೆಗಳಿಂದ ಶುರುವಾಗುತ್ತದೆ. ವಾರಕ್ಕೆ ಎಷ್ಟು ದಿನ, ದಿನಕ್ಕೆ ಎಷ್ಟು ಗಂಟೆ ಹಾಕುತ್ತೀರಿ? ಕನ್ನಡಕದ ಚೀಟಿಯಲ್ಲಿ ಸಿಲಿಂಡರ್ (ಕಣ್ಣಿನ ಬಾಗು ಎಲ್ಲ ದಿಕ್ಕಿಗೂ ಒಂದೇ ಸಮ ಇಲ್ಲದ್ದಕ್ಕೆ ಕೊಡುವ ಪವರ್) ಇದೆಯೇ? ಸಂಜೆ ಹೊತ್ತಿಗೆ ಕಣ್ಣು ಒಣಗಿ ಉರಿಯುತ್ತದೆಯೇ? ರಾತ್ರಿ ದಣಿದು ಬಂದಾಗಲೂ ಲೆನ್ಸ್ ಉಜ್ಜಿ ತೊಳೆದಿಟ್ಟೇ ಮಲಗುವ ಪೈಕಿಯೇ ನೀವು?

ಕೊನೆಯದನ್ನು ತಮಾಷೆಗೆ ಕೇಳುವುದಲ್ಲ. ಅದಕ್ಕೆ ಪ್ರಾಮಾಣಿಕವಾಗಿ ಉತ್ತರ ಕೊಟ್ಟರೆ ಆಯ್ಕೆಯ ಅರ್ಧ ಕೆಲಸ ಅಲ್ಲಿಗೇ ಮುಗಿಯುತ್ತದೆ.

ದಿನಕ್ಕೊಂದು ಜೊತೆ ಹಾಕಿ ಎಸೆಯುವ ಡೈಲಿ ಲೆನ್ಸಿಗೆ ತೊಳೆದು ನೆನೆಸಿಡುವ ಸೊಲ್ಯೂಷನ್ ಬೇಡ, ಕೇಸ್ ಬೇಡ, ಉಜ್ಜುವ ಕೆಲಸವೂ ಇಲ್ಲ. ಕಣ್ಣೀರಿನ ಪ್ರೋಟೀನು, ಜಿಡ್ಡು ಅದರ ಮೇಲೆ ಗಟ್ಟಿಯಾಗಿ ಕೂರುವಷ್ಟರಲ್ಲಿ ಅದು ಕಸದ ಬುಟ್ಟಿ ಸೇರಿರುತ್ತದೆ. ಅಲರ್ಜಿಯಿಂದ ಕಣ್ಣು ತುರಿಸುವವರಿಗೆ, ವಾರಕ್ಕೆ ಎರಡು ಮೂರು ದಿನ ಮಾತ್ರ ಹಾಕುವವರಿಗೆ, ಸೋಮಾರಿಗಳಿಗೆ ನಾನು ಹೇಳುವುದು ಇದನ್ನೇ. ದಿನವೂ ಹಾಕುವವರಿಗೆ ತಿಂಗಳ ಲೆನ್ಸ್ ಅಗ್ಗ ಬೀಳಬಹುದು. ಆದರೆ ಸೊಲ್ಯೂಷನ್ನಿನ ಖರ್ಚನ್ನೂ ಸೇರಿಸಿ ಲೆಕ್ಕ ಹಾಕಿ. ಇನ್ನೊಂದು ಲೆಕ್ಕದಲ್ಲಿ ಬಹಳ ಜನ ಎಡವುತ್ತಾರೆ. ತಿಂಗಳ ಲೆನ್ಸ್ ಅಂದರೆ ಮೂವತ್ತು ಸಲ ಹಾಕಬಹುದು ಅಂತಲ್ಲ, ಮೊಹರು ಒಡೆದ ದಿನದಿಂದ 30 ದಿನ ಅಂತ. ನಡುವೆ ಹತ್ತೇ ಸಲ ಹಾಕಿದ್ದರೂ ಅವಧಿ ಮುಗಿದರೆ ಮುಗಿಯಿತು. ಡೈಲಿ ಲೆನ್ಸನ್ನು ರಾತ್ರಿ ನೆನೆಸಿಟ್ಟು ಮರುದಿನ ಹಾಕುವ ಉಳಿತಾಯವಂತೂ ಬೇಡವೇ ಬೇಡ. ಉಜ್ಜಿ ತೊಳೆದು ಮತ್ತೆ ಹಾಕಲೆಂದು ಅದನ್ನು ಮಾಡಿಲ್ಲ.

ಇನ್ನು ಲೆನ್ಸನ್ನು ಯಾವುದರಿಂದ ಮಾಡಿದ್ದಾರೆ ಎನ್ನುವ ವಿಷಯ. ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾದಲ್ಲಿ ರಕ್ತನಾಳಗಳೇ ಇಲ್ಲ. ಎಚ್ಚರವಾಗಿರುವಾಗ ಅದು ತನಗೆ ಬೇಕಾದ ಆಮ್ಲಜನಕದ ಬಹುಪಾಲನ್ನು ಕಣ್ಣೀರಿನ ತೆಳುಪೊರೆಯ ಮೂಲಕ ಗಾಳಿಯಿಂದಲೇ ಪಡೆಯುತ್ತದೆ. ಅದರ ಮೇಲೊಂದು ಮುಚ್ಚಳ ಇಟ್ಟಂತೆ ಲೆನ್ಸ್ ಕೂರುತ್ತದೆ. ಆಮ್ಲಜನಕ ಸಾಲದಿದ್ದರೆ ಕಾರ್ನಿಯಾ ಊದಿಕೊಳ್ಳುತ್ತದೆ; ವರ್ಷಗಟ್ಟಲೆ ಹೀಗೇ ನಡೆದರೆ ಬಿಳಿಗುಡ್ಡೆಯ ಅಂಚಿನಿಂದ ಹೊಸ ರಕ್ತನಾಳಗಳು ಕಾರ್ನಿಯಾದೊಳಕ್ಕೆ ಇಳಿಯತೊಡಗುತ್ತವೆ. ಇದಕ್ಕೆ ನೋವಿಲ್ಲ, ಆದ್ದರಿಂದ ಗೊತ್ತಾಗುವುದೂ ಇಲ್ಲ.

ಲೆನ್ಸಿನ ಮೂಲಕ ಎಷ್ಟು ಆಮ್ಲಜನಕ ದಾಟುತ್ತದೆ ಎಂಬುದಕ್ಕೆ ಡಿಕೆ/ಟಿ ಎಂಬ ಅಳತೆಯಿದೆ. ಹಗಲು ಹೊತ್ತು ಹಾಕಲು ಇದು ಕನಿಷ್ಠ 24 ಇರಬೇಕು, ಹಾಕಿಕೊಂಡೇ ಮಲಗುವುದಾದರೆ 87 ಬೇಕು ಎಂದು ಸಂಶೋಧಕರಾದ ಹೋಲ್ಡನ್ ಮತ್ತು ಮರ್ಟ್ಜ್ 1984ರಲ್ಲಿ ಲೆಕ್ಕ ಕೊಟ್ಟರು. ಮುಂದೆ ಬಂದ ಲೆಕ್ಕಗಳು ರಾತ್ರಿಯ ಮಟ್ಟವನ್ನು ಇನ್ನೂ ಮೇಲಕ್ಕೇರಿಸಿವೆ. 1961ರಲ್ಲಿ ಜೆಕೊಸ್ಲೊವಾಕಿಯಾದ ರಸಾಯನಶಾಸ್ತ್ರಜ್ಞ ಒಟ್ಟೊ ವಿಖ್ಟೆರ್ಲೆ ಮಕ್ಕಳ ಆಟಿಕೆಯ ಬಿಡಿಭಾಗಗಳಿಂದ ಕಟ್ಟಿದ ಯಂತ್ರದಲ್ಲಿ ಎರಕ ಹೊಯ್ದ ಮೆತ್ತನೆಯ ಲೆನ್ಸಿನ ವಂಶದ್ದೇ ಇವತ್ತಿನ ಹೈಡ್ರೋಜೆಲ್, ಅಂದರೆ ನೀರು ಹೀರಿಕೊಂಡು ಮೆತ್ತಗಿರುವ ಪ್ಲಾಸ್ಟಿಕ್. ಇದರಲ್ಲಿ ಆಮ್ಲಜನಕ ಸಾಗುವುದು ಒಳಗಿರುವ ನೀರಿನ ಮೂಲಕ, ಹಾಗಾಗಿ ಅದಕ್ಕೊಂದು ಮಿತಿಯುಂಟು. ಸಿಲಿಕೋನ್ ಹೈಡ್ರೋಜೆಲ್‌ನಲ್ಲಿ ಸಿಲಿಕೋನೇ ಆಮ್ಲಜನಕವನ್ನು ದಾಟಿಸುತ್ತದೆ. ಅದರ ಡಿಕೆ/ಟಿ ಎಷ್ಟೋ ಸಲ 100ನ್ನೂ ಮೀರುತ್ತದೆ.

ದಿನಕ್ಕೆ ಹತ್ತು ಹನ್ನೆರಡು ಗಂಟೆ ಹಾಕುವವರಿಗೆ ಸಿಲಿಕೋನ್ ಹೈಡ್ರೋಜೆಲ್ಲೇ ಸರಿ ಎಂಬುದು ನನ್ನ ಅಭಿಪ್ರಾಯ. ಅದಕ್ಕೂ ಕುಂದಿಲ್ಲವೆಂದಲ್ಲ: ಕೆಲವು ತುಸು ಬಿರುಸು, ಜಿಡ್ಡನ್ನು ಬೇಗ ಹಿಡಿಯುತ್ತವೆ. ಆಗೊಮ್ಮೆ ಈಗೊಮ್ಮೆ ನಾಲ್ಕೈದು ಗಂಟೆ ಹಾಕುವವರಿಗೆ ತೆಳುವಾದ ಹೈಡ್ರೋಜೆಲ್ ಡೈಲಿ ಲೆನ್ಸ್ ಸಾಕು. ಡಬ್ಬಿಯ ಮಾಹಿತಿಯಲ್ಲಿ ಕಾಣುವ ಡಿಕೆ/ಟಿ ಸಾಮಾನ್ಯವಾಗಿ −3.00 ಪವರಿನ ಲೆನ್ಸಿನ ನಡುಭಾಗದ್ದು ಎಂಬುದೂ ನೆನಪಿರಲಿ. ಮೈನಸ್ ಪವರ್ ಹೆಚ್ಚಾದಂತೆ ಅಂಚು, ಪ್ಲಸ್ ಹೆಚ್ಚಾದಂತೆ ನಡುಭಾಗ ದಪ್ಪವಾಗುತ್ತದೆ, ಅಲ್ಲಿ ದಾಟುವ ಆಮ್ಲಜನಕ ಕಡಿಮೆಯಾಗುತ್ತದೆ. ದೊಡ್ಡ ಪವರಿನವರು ಈ ವಿಷಯದಲ್ಲಿ ಚೌಕಾಸಿ ಮಾಡದಿರುವುದು ವಾಸಿ.

“ನನ್ನ ಕಣ್ಣು ಒಣ, ಹಾಗಾಗಿ ನೀರಿನಂಶ ಜಾಸ್ತಿ ಇರುವ ಲೆನ್ಸ್ ಕೊಡಿ” ಎನ್ನುವುದು ಕೇಳಲು ಸರಿಯಾಗಿಯೇ ಇದೆ. ಆದರೆ ಹೆಚ್ಚು ನೀರಿನ ಹೈಡ್ರೋಜೆಲ್ ಕಣ್ಣಿನ ಮೇಲೆ ಹೊತ್ತು ಹೋದಂತೆ ಒಣಗುತ್ತದೆ, ಕಣ್ಣೀರಿನ ಪೊರೆಯನ್ನೂ ತೆಳುಮಾಡುತ್ತದೆ. ಕಣ್ಣು ಒಣಗುವವರಿಗೆ ಹೆಚ್ಚಾಗಿ ಒಗ್ಗುವುದು ನೀರಿನಂಶ ಕಡಿಮೆಯಿದ್ದು, ಮೇಲ್ಮೈ ಒದ್ದೆಯಾಗಿ ಉಳಿಯುವಂತೆ ಮಾಡಿದ ಲೆನ್ಸ್. ಪರದೆ ನೋಡುತ್ತಾ ಕೂತಾಗ ರೆಪ್ಪೆ ಮಿಟುಕಿಸುವುದೇ ಕಡಿಮೆಯಾಗುತ್ತದೆ. ಎಷ್ಟೋ ಸಲ ದೂರು ಲೆನ್ಸಿನ ಮೇಲೆ, ತಪ್ಪು ಅಲ್ಲಿಯದು.

ಪವರಿನ ಮಾತಿಗೆ ಬಂದರೆ, ಕನ್ನಡಕದ ಚೀಟಿಯಲ್ಲಿರುವುದನ್ನೇ ನೋಡಿ ಲೆನ್ಸ್ ತರಿಸುವವರಿದ್ದಾರೆ. ಕನ್ನಡಕದ ಗಾಜು ಕಣ್ಣಿನಿಂದ ಸುಮಾರು 12 ಮಿ.ಮೀ. ದೂರದಲ್ಲಿರುತ್ತದೆ, ಲೆನ್ಸ್ ಕಣ್ಣಿನ ಮೇಲೇ ಇರುತ್ತದೆ. 4.00 ದಾಟಿದ ಮೇಲೆ ಈ ದೂರ ಲೆಕ್ಕಕ್ಕೆ ಬರುತ್ತದೆ. ಕನ್ನಡಕದ −5.00, ಲೆನ್ಸಿನಲ್ಲಿ −4.75 ಆಗುತ್ತದೆ, −8.00 ಆದರೆ −7.25ಕ್ಕೆ ಇಳಿಯುತ್ತದೆ. ಪ್ಲಸ್ ಪವರಿನಲ್ಲಿ ಇದು ತಿರುವುಮುರುವು: +6.00 ಇದ್ದದ್ದು +6.50 ಆಗುತ್ತದೆ. ಇದನ್ನು ಬಿಟ್ಟರೆ ಮೈನಸ್‌ನವರಿಗೆ ಪವರ್ ಹೆಚ್ಚಾಗಿ, ಹತ್ತಿರದ್ದನ್ನು ನೋಡುವಾಗ ಕಣ್ಣು ಜಗ್ಗಿದಂತಾಗುತ್ತದೆ, ತಲೆನೋವು ಬರುತ್ತದೆ.

ಸಿಲಿಂಡರ್ 0.50ರ ಒಳಗಿದ್ದರೆ ಅದರ ಅರ್ಧವನ್ನು ಪವರಿಗೆ ಸೇರಿಸಿ ಸಾದಾ ಲೆನ್ಸಿನಲ್ಲೇ ಸುಧಾರಿಸಬಹುದು, −3.00ರ ಜೊತೆ −0.50 ಸಿಲಿಂಡರ್ ಇದ್ದರೆ −3.25. 0.75ರಿಂದ ಮೇಲಕ್ಕೆ ಸಿಲಿಂಡರನ್ನೂ ಸರಿಪಡಿಸುವ ಟೋರಿಕ್ ಲೆನ್ಸನ್ನೇ ಕೇಳಿ. ಸಾದಾ ಲೆನ್ಸಿನಲ್ಲಿ “ಕಾಣುತ್ತದೆ, ಆದರೆ ಅಕ್ಷರದ ಅಂಚು ಚೂಪಾಗಿಲ್ಲ” ಎನ್ನುವವರಲ್ಲಿ ಬಹುಪಾಲು ಇಲ್ಲಿ ಸಿಕ್ಕಿಬಿದ್ದವರು. ಟೋರಿಕ್ ಲೆನ್ಸ್ ಕಣ್ಣಿನ ಮೇಲೆ ತಿರುಗಬಾರದು. ಅದಕ್ಕಾಗಿ ಕೆಳಭಾಗವನ್ನು ತುಸು ದಪ್ಪ ಮಾಡುವಂಥ ಉಪಾಯಗಳಿವೆ. 10 ಡಿಗ್ರಿ ತಿರುಗಿದರೆ ಸಿಲಿಂಡರಿನ ಸುಮಾರು ಮೂರನೇ ಒಂದು ಭಾಗದಷ್ಟು ದೋಷ ಹಾಗೇ ಉಳಿಯುತ್ತದೆ. 30 ಡಿಗ್ರಿ ತಿರುಗಿತೆಂದರೆ ಟೋರಿಕ್ ಹಾಕಿಯೂ ಹಾಕದಂತೆಯೇ. ಹಾಗಾಗಿ ದೃಷ್ಟಿ ಒಮ್ಮೆ ಸ್ಪಷ್ಟ ಒಮ್ಮೆ ಮಸುಕು ಎಂದಾದರೆ ಪವರ್ ಬದಲಿಸುವ ಮೊದಲು, ಲೆನ್ಸ್ ಎಲ್ಲಿ ನಿಲ್ಲುತ್ತಿದೆ ಎಂದು ಕಣ್ಣನ್ನು ದೊಡ್ಡದಾಗಿ ತೋರಿಸುವ ಸ್ಲಿಟ್ ಲ್ಯಾಂಪ್ ಕೆಳಗೆ ಅದರ ಗುರುತನ್ನು ನೋಡಿಸಿ.

ಈಗ ಬೇಸ್ ಕರ್ವ್. ಡಬ್ಬಿಯ ಮೇಲೆ 8.4, 8.6 ಎಂಬಂತೆ ಇರುವ ಈ ಸಂಖ್ಯೆ ಲೆನ್ಸಿನ ಬಾಗು ಎಷ್ಟೆಂದು ಹೇಳುತ್ತದೆ. ಸಂಖ್ಯೆ ಸಣ್ಣದಾದಷ್ಟೂ ಬಾಗು ಹೆಚ್ಚು. ಪಕ್ಕದಲ್ಲಿರುವ 14.0 ಅಥವಾ 14.2 ಅಗಲ. ಚೆನ್ನಾಗಿ ಕೂತ ಮೆತ್ತನೆಯ ಲೆನ್ಸ್ ಕಾರ್ನಿಯಾವನ್ನು ಪೂರ್ತಿ ಮುಚ್ಚಿ, ಸುತ್ತಲೂ ಸುಮಾರು ಒಂದು ಮಿ.ಮೀ. ಬಿಳಿಭಾಗದ ಮೇಲೆ ಚಾಚಿರಬೇಕು. ಪ್ರತಿ ಸಲ ರೆಪ್ಪೆ ಬಡಿದಾಗ 0.2ರಿಂದ 0.5 ಮಿ.ಮೀ.ನಷ್ಟು ಜಾರಿ ಮತ್ತೆ ತನ್ನ ಜಾಗಕ್ಕೆ ಬರಬೇಕು. ಈ ಸಣ್ಣ ಚಲನೆಯಿಂದಲೇ ಲೆನ್ಸಿನಡಿಯ ಕಣ್ಣೀರು ಬದಲಾಗುತ್ತದೆ, ಕೊಳೆ ಹೊರಬೀಳುತ್ತದೆ.

ಮೋಸ ಆಗುವುದು ಇಲ್ಲೇ. ಬಿಗಿಯಾದ ಲೆನ್ಸ್ ಕದಲುವುದಿಲ್ಲ, ಆದ್ದರಿಂದ ಮೊದಲ ಗಂಟೆಯಲ್ಲಿ ಬಹಳ ಹಿತ, ಹಾಕಿದ್ದೇ ಗೊತ್ತಾಗುವುದಿಲ್ಲ. ಸಂಜೆಗೆ ಕಣ್ಣು ಕೆಂಪಗಾಗುತ್ತದೆ, ತೆಗೆದ ಮೇಲೆ ಬಿಳಿಗುಡ್ಡೆಯ ಮೇಲೆ ಬಳೆಯಂಥ ಗುರುತು ಉಳಿಯುತ್ತದೆ. ಸಡಿಲ ಲೆನ್ಸ್ ಮೊದಲಿನಿಂದಲೇ ಕಿರಿಕಿರಿ: ಅಂಚು ಕೆಳರೆಪ್ಪೆಗೆ ತಗಲುತ್ತಿರುತ್ತದೆ. ಮನೆಯಲ್ಲೇ ಗಮನಿಸಬಹುದಾದ ಸುಳಿವೊಂದಿದೆ. ರೆಪ್ಪೆ ಬಡಿದ ಕೂಡಲೇ ಕ್ಷಣಕಾಲ ಸ್ಪಷ್ಟವಾಗಿ ಆಮೇಲೆ ಮಸುಕಾದರೆ ಲೆನ್ಸ್ ಬಿಗಿಯಿರಬಹುದು. ಬಡಿದ ಕೂಡಲೇ ಮಸುಕಾಗಿ ಆಮೇಲೆ ಸ್ಪಷ್ಟವಾದರೆ ಸಡಿಲ. ಕಣ್ಣು ಒಣಗಿದಾಗಲೂ ಮೊದಲನೆಯ ಥರವೇ ಆಗುವುದರಿಂದ ಇದನ್ನೇ ತೀರ್ಪು ಎಂದುಕೊಳ್ಳಬೇಡಿ. ಎರಡು ಕಂಪನಿಗಳ 8.6 ಒಂದೇ ಥರ ಕೂರುವುದಿಲ್ಲ ಎಂಬುದನ್ನೂ ಗಮನಿಸಿ, ಬಿರುಸು, ಅಂಚಿನ ಆಕಾರ ಎಲ್ಲವೂ ಬೇರೆ. “ಅದಿಲ್ಲ, ಅದೇ ಅಳತೆಯ ಇದನ್ನು ತಗೊಳ್ಳಿ” ಎಂದರೆ ಒಪ್ಪಿಕೊಳ್ಳಬೇಡಿ.

ಮೊದಲ ಹಿತವನ್ನು ನಂಬಬಾರದು ಎನ್ನುವುದಕ್ಕೆ ಗಟ್ಟಿ ಲೆನ್ಸ್, ಅಂದರೆ ಆರ್‌ಜಿಪಿ, ಉಲ್ಟಾ ಸಾಕ್ಷಿ. 9–10 ಮಿ.ಮೀ. ಅಗಲದ ಇದು ಮೊದಲ ಒಂದೆರಡು ವಾರ ಕಣ್ಣಿಗೆ ಮರಳು ಬಿದ್ದಂತೆ ಕಾಡುತ್ತದೆ. ಆದರೆ ಆಮ್ಲಜನಕ ಧಾರಾಳ, ಅಡಿಯಲ್ಲಿ ಕಣ್ಣೀರು ಸರಾಗವಾಗಿ ಓಡಾಡುತ್ತದೆ, ದೃಷ್ಟಿಯ ಚೂಪಿನಲ್ಲಿ ಮೆತ್ತನೆಯದು ಇದಕ್ಕೆ ಸಾಟಿಯಾಗುವುದು ಕಷ್ಟ. ಕಾರ್ನಿಯಾ ಶಂಕುವಿನಂತೆ ಉಬ್ಬುವ ಕೆರಟೊಕೋನಸ್ ಇದ್ದವರಿಗೆ ಎಷ್ಟೋ ಸಲ ಇದೇ ದಾರಿ. ಲೆನ್ಸಿನಡಿ ನಿಂತ ಕಣ್ಣೀರು ತಗ್ಗುದಿಣ್ಣೆಗಳನ್ನು ತುಂಬಿ ಮಟ್ಟ ಮಾಡುತ್ತದೆ. ಆರ್‌ಜಿಪಿಯೂ ನಿಲ್ಲದಿದ್ದಾಗ ಕಾರ್ನಿಯಾವನ್ನು ಮುಟ್ಟದೆ ಬಿಳಿಗುಡ್ಡೆಯ ಮೇಲೆ ಕೂರುವ ದೊಡ್ಡ ಸ್ಕ್ಲೆರಲ್ ಲೆನ್ಸ್ ಇದೆ. ಅದನ್ನು ಪ್ರಿಸರ್ವೇಟಿವ್ ಇಲ್ಲದ ಸಲೈನ್ ತುಂಬಿಸಿಯೇ ಹಾಕಬೇಕು. ಧೂಳಿನಲ್ಲಿ ಕೆಲಸ ಮಾಡುವವರಿಗೆ, ಆಟವಾಡುವವರಿಗೆ ಆರ್‌ಜಿಪಿ ಬೇಡ. ಕಣ ಒಳಗೆ ಸೇರುತ್ತದೆ, ಲೆನ್ಸ್ ಹಾರಿಹೋಗುವುದೂ ಉಂಟು.

ಚಾಳೀಸು ಬಂದವರಿಗೆ ಎರಡು ದಾರಿ. ಒಂದು ಕಣ್ಣಿಗೆ ದೂರದ ಪವರ್, ಇನ್ನೊಂದಕ್ಕೆ ಹತ್ತಿರದ್ದು ಕೊಡುವುದು ಮೊನೊವಿಷನ್. ಹತ್ತಿರದ ಪವರ್ ಹೆಚ್ಚಾದಂತೆ ಆಳದ ಅಂದಾಜು ತಪ್ಪತೊಡಗುತ್ತದೆ. ಮಲ್ಟಿಫೋಕಲ್ ಲೆನ್ಸಿನಲ್ಲಿ ದೂರ, ಹತ್ತಿರ ಎರಡರ ಬೆಳಕೂ ಒಟ್ಟಿಗೇ ಕಣ್ಣೊಳಗೆ ಬೀಳುತ್ತದೆ, ಬೇಕಾದ್ದನ್ನು ಆರಿಸಿಕೊಳ್ಳುವುದು ಮಿದುಳಿನ ಕೆಲಸ. ಅದಕ್ಕೆ ಒಂದೆರಡು ವಾರ ಸಮಯ ಬೇಕು. ರಾತ್ರಿ ದೀಪಗಳ ಸುತ್ತ ಪ್ರಭೆ ಕಾಣಬಹುದು, ಕನ್ನಡಕದಷ್ಟು ಚೊಕ್ಕ ದೃಷ್ಟಿ ನಿರೀಕ್ಷಿಸಿದವರಿಗೆ ಬೇಸರವಾಗುತ್ತದೆ. ರಾತ್ರಿ ಹೆಚ್ಚು ವಾಹನ ಓಡಿಸುವವರು ಮೊದಲೇ ಹೇಳಿಬಿಡಿ.

ಪವರ್ ಇಲ್ಲದ ಬಣ್ಣದ ಲೆನ್ಸಿಗೂ ಅಳತೆ, ತಪಾಸಣೆ ಎಲ್ಲವೂ ಬೇಕು. ಗೆಳತಿಯದನ್ನು ಒಂದು ಮದುವೆಗೆಂದು ಎರವಲು ಪಡೆಯುವುದು ಸೋಂಕನ್ನೇ ಎರವಲು ಪಡೆದಂತೆ.

ಆಯ್ಕೆ ಮುಗಿಯುವುದು ಟ್ರಯಲ್ ಆದ ಮೇಲೆ. ಹಾಕಿ 15–20 ನಿಮಿಷ ಕೂತ ನಂತರವೇ ಲೆನ್ಸ್ ಕೂತ ರೀತಿಯನ್ನು ನೋಡಬೇಕು. ಮೊದಲ ದಿನ ನಾಲ್ಕು ಗಂಟೆ, ಆಮೇಲೆ ದಿನಕ್ಕೆ ಎರಡೆರಡು ಗಂಟೆ ಏರಿಸಿ. ವಾರದ ನಂತರ ಮರುತಪಾಸಣೆಗೆ ಹೋಗುವಾಗ ಲೆನ್ಸ್ ಹಾಕಿ ಮೂರು ನಾಲ್ಕು ಗಂಟೆಯಾದರೂ ಆಗಿರಲಿ. ಬಾಗಿಲಲ್ಲಿ ಹಾಕಿಕೊಂಡು ಒಳಗೆ ಹೋದರೆ ಬಿಗಿ ಲೆನ್ಸೂ ಪಾಸಾಗಿಬಿಡುತ್ತದೆ.

ತಿಂಗಳ ಲೆನ್ಸ್ ಆರಿಸಿದವರಿಗೆ ರಾತ್ರಿಯ ಕೆಲಸ ಇಷ್ಟು: ಕೈ ಸೋಪಿನಿಂದ ತೊಳೆದು ಪೂರ್ತಿ ಒರೆಸಿ, ಅಂಗೈಯಲ್ಲಿ ಲೆನ್ಸಿಟ್ಟು ಸೊಲ್ಯೂಷನ್ ಹಾಕಿ ಎರಡೂ ಬದಿ ಉಜ್ಜಿ, ತೊಳೆದು, ಕೇಸಿನಲ್ಲಿ ಹೊಸ ಸೊಲ್ಯೂಷನ್ ತುಂಬಿ ಇಡುವುದು. ಬೆಳಿಗ್ಗೆ ಹಳೆಯದನ್ನು ಚೆಲ್ಲಿ, ಕೇಸನ್ನು ಸೊಲ್ಯೂಷನ್ನಿನಲ್ಲೇ ತೊಳೆದು ಬೋರಲು ಹಾಕಿ ಒಣಗಿಸಿ, ಮೂರು ತಿಂಗಳಿಗೊಮ್ಮೆ ಎಸೆಯಿರಿ. ನಲ್ಲಿಯ ನೀರು ಲೆನ್ಸಿಗೂ ಕೇಸಿಗೂ ತಾಗಬಾರದು, ಸ್ನಾನಕ್ಕೂ ಈಜಿಗೂ ಮೊದಲು ತೆಗೆಯಬೇಕು. ನೀರಿನಲ್ಲಿರುವ ಅಕಾಂತಮೀಬಾ ಎಂಬ ಏಕಕೋಶ ಜೀವಿ ಕಾರ್ನಿಯಾಕ್ಕೆ ಹೊಕ್ಕರೆ ಚಿಕಿತ್ಸೆ ತಿಂಗಳುಗಟ್ಟಲೆ ಎಳೆಯುತ್ತದೆ, ದೃಷ್ಟಿಯೂ ಹೋಗಬಹುದು. ಬರೀ ಸಲೈನ್ ಕ್ರಿಮಿ ಕೊಲ್ಲುವುದಿಲ್ಲ. ಸೊಲ್ಯೂಷನ್ನಿನ ಪ್ರಿಸರ್ವೇಟಿವ್ ಒಗ್ಗದವರಿಗೆ ಹೈಡ್ರೋಜನ್ ಪೆರಾಕ್ಸೈಡ್ ಬಗೆಯದಿದೆ. ಅದರ ಜೊತೆ ಕೊಡುವ ಕೇಸಿನಲ್ಲೇ ಹೇಳಿದಷ್ಟು ಹೊತ್ತು, ಸಾಮಾನ್ಯವಾಗಿ ಆರು ಗಂಟೆ, ಇಡದೆ ಕಣ್ಣಿಗೆ ಹಾಕಿದರೆ ಸುಟ್ಟಂತೆ ಉರಿಯುತ್ತದೆ.

ನೋವು, ಕೆಂಪು, ಬೆಳಕು ನೋಡಲಾಗದಿರುವುದು, ಮಸುಕು: ಇವುಗಳಲ್ಲಿ ಯಾವುದೇ ಬಂದರೂ ಲೆನ್ಸ್ ತೆಗೆದು ಅದೇ ದಿನ ಕಣ್ಣಿನ ವೈದ್ಯರಲ್ಲಿಗೆ ಹೋಗಿ. ಲೆನ್ಸ್, ಕೇಸ್ ಎಸೆಯದೆ ಜೊತೆಗೊಯ್ಯಿರಿ, ಯಾವ ಕ್ರಿಮಿ ಎಂದು ಅದರಿಂದಲೂ ಗೊತ್ತಾಗಬಹುದು. ಲೆನ್ಸ್ ತೆಗೆದ ಮೇಲೂ ಕಣ್ಣು ಕಾಣಬೇಕಲ್ಲ, ಹಾಗಾಗಿ ಲೆನ್ಸಿನ ಬಜೆಟ್ಟಿನಲ್ಲೇ ಸರಿಯಾದ ಪವರಿನ ಒಂದು ಕನ್ನಡಕಕ್ಕೂ ದುಡ್ಡು ಎತ್ತಿಡಿ. ಕಣ್ಣು ಕೆಂಪಾದ ಮೇಲೂ ಲೆನ್ಸ್ ತೆಗೆಯದೆ ಎರಡು ದಿನ ತಳ್ಳುವವರಲ್ಲಿ ಅನೇಕರ ಬಳಿ ಇರುವುದು ಮೂರು ವರ್ಷ ಹಳೆಯ ಪವರಿನ, ಕಾಲು ಮುರಿದ ಕನ್ನಡಕ.